ಐದು ಟೈಲ್ ಅಗಲದ ಕಂದಕ: ಎಐ ಕಾಲದಲ್ಲಿ ಗೇಮ್ ಕಟ್ಟುವುದು

ಚಾಟ್‌ಜಿಪಿಟಿಯಂಥ ಯಾವುದೇ ಭಾಷಾ ಮಾಡೆಲ್‌ಗೆ "ಗೋಡೋ ಎಂಜಿನ್‌ನಲ್ಲಿ ಓಡಿ ಜಿಗಿಯುವ 2ಡಿ ಪಾತ್ರದ ಕೋಡ್ ಬರೆದುಕೊಡು" ಅಂತ ಕೇಳಿ ನೋಡಿ. ಅರ್ಧ ನಿಮಿಷದಲ್ಲಿ ಕೋಡ್ ಬರುತ್ತದೆ, ಪಾತ್ರ ಓಡುತ್ತದೆ, ಜಿಗಿಯುತ್ತದೆ. ಆ ಕೋಡಿನ ಹಿಂದೆ ಹೆಚ್ಚಿನ ಸಲ ಮೂರು ಸಂಖ್ಯೆಗಳಿರುತ್ತವೆ: ವೇಗ 300, ಜಿಗಿತ −400, ಗುರುತ್ವ 980. ಮೊದಲೆರಡು ಗೋಡೋ ಅನ್ನುವ ಗೇಮ್ ಕಟ್ಟುವ ತಂತ್ರಾಂಶದ (ಎಂಜಿನ್ನಿನ) ಸಿದ್ಧ ಟೆಂಪ್ಲೇಟಿನಲ್ಲೇ ಇರುವಂಥವು. 980 ಆ ಎಂಜಿನ್ನಿನ ಡೀಫಾಲ್ಟ್ ಗುರುತ್ವ, ಭೂಮಿಯ 9.8ನ್ನು ನೂರರಿಂದ ಗುಣಿಸಿದ್ದು, ಅಷ್ಟೆ. ಈ ಲೆಕ್ಕದಲ್ಲಿ ಜಿಗಿತದ ಎತ್ತರ 400 × 400 ÷ (2 × 980), ಅಂದರೆ ಸುಮಾರು 82 ಪಿಕ್ಸೆಲ್. ಟೈಲ್, ಅಂದರೆ ಲೆವೆಲ್ ಜೋಡಿಸುವ ಒಂದೊಂದು ಚೌಕ, 32 ಪಿಕ್ಸೆಲ್ ಆಗಿದ್ದರೆ ಎರಡೂವರೆ ಟೈಲ್. ಎರಡು ಟೈಲಿನ ಗೋಡೆ ಹತ್ತುವುದಕ್ಕೆ ಇದು ಜಾಸ್ತಿಯಾಯಿತು, ಮೂರು ಟೈಲಿನದಕ್ಕೆ ಸಾಲದು. ತಪ್ಪು ಅನ್ನುವಂತಿಲ್ಲ, ಆದರೆ ಯಾರ ಆಟಕ್ಕೂ ಹೊಲಿಸಿದ ಅಂಗಿಯಲ್ಲ.

ಚಿತ್ರ, ಕೋಡ್, ಮಾತು, ಸಂಗೀತ ಎಲ್ಲದರಲ್ಲೂ ಮಾಡೆಲ್ ಕೊಡುವುದು ಇಂಥ ಸರಾಸರಿ ಅಂಗಿಯನ್ನೇ. ಮಾಡುವ ಕೆಲಸ ಈಗ ಅಗ್ಗವಾಗಿದೆ. ದುಬಾರಿಯಾಗಿರುವುದು ಬಂದದ್ದರಲ್ಲಿ ಯಾವುದು ಬೇಡ ಅಂತ ಹೇಳುವ ಕೆಲಸ. ಹಾಗೆ ಹೇಳಬೇಕಾದರೆ ಕೈಯಲ್ಲೊಂದು ಅಳತೆಗೋಲು ಇರಬೇಕು, ಅದೂ ಪ್ರಾಂಪ್ಟ್ (ಮಾಡೆಲ್‌ಗೆ ಕೊಡುವ ಸೂಚನೆ) ಬರೆಯುವ ಮೊದಲೇ ಇರಬೇಕು. ಗೇಮ್ ತಯಾರಿಕೆಯಲ್ಲಿ ಮನುಷ್ಯನ ಸೃಜನಶೀಲತೆ ಎಲ್ಲಿ ಉಳಿದಿದೆ ಅಂತ ಕೇಳುವವರಿಗೆ ಆ ಅಳತೆಗೋಲನ್ನೇ ತೋರಿಸಬಹುದು.

ಜಿಗಿತವೊಂದರ ಲೆಕ್ಕ

ಜಿಗಿತದಿಂದಲೇ ಶುರುಮಾಡೋಣ, ಯಾಕೆಂದರೆ ಇಲ್ಲಿ ಎಲ್ಲವನ್ನೂ ಅಳೆಯಬಹುದು. ವೇಗ, ಗುರುತ್ವಗಳನ್ನು ನೇರವಾಗಿ ಆರಿಸಬೇಡಿ. ಆಟಗಾರನ ಕೈಗೆ ಗೊತ್ತಾಗುವ ಎರಡು ಸಂಗತಿಗಳನ್ನು ಆರಿಸಿ: ಎಷ್ಟು ಎತ್ತರ, ಮತ್ತು ತುದಿ ಮುಟ್ಟಲು ಎಷ್ಟು ಹೊತ್ತು. ಎತ್ತರ 96 ಪಿಕ್ಸೆಲ್, ಅಂದರೆ ಮೂರು ಟೈಲ್, ಸಮಯ 0.4 ಸೆಕೆಂಡ್ ಅಂತಿಟ್ಟುಕೊಳ್ಳಿ. ಗುರುತ್ವ = 2 × ಎತ್ತರ ÷ (ಸಮಯ × ಸಮಯ), ಹಾಗಾಗಿ 1200. ಆರಂಭದ ವೇಗ = 2 × ಎತ್ತರ ÷ ಸಮಯ, ಹಾಗಾಗಿ 480. ಇಳಿಯುವಾಗ ಗುರುತ್ವವನ್ನು 1.6 ಪಟ್ಟು ಹೆಚ್ಚಿಸಿ 1920 ಮಾಡಿ. ಇಲ್ಲದಿದ್ದರೆ ಪಾತ್ರ ಬಲೂನಿನ ಹಾಗೆ ತೇಲಿದಂತೆ ಅನ್ನಿಸುತ್ತದೆ.

ಇಷ್ಟು ಮಾಡಿ ಮೂರು ಟೈಲಿನ ಗೋಡೆಯ ಮುಂದೆ ಪಾತ್ರವನ್ನು ನಿಲ್ಲಿಸಿ ಜಿಗಿಸಿದರೆ ಹಲವು ಸಲ ಹತ್ತುವುದಿಲ್ಲ! ಸೂತ್ರವೇನೋ ಸರಿಯಾಗಿಯೇ ಇದೆ. ಆದರೆ ಹಲವು ಕೋಡ್‌ಗಳು ಪ್ರತಿ ಫ್ರೇಮಿನಲ್ಲೂ (ಪರದೆಯ ಚಿತ್ರ ಬದಲಾಗುವ ಒಂದೊಂದು ಹೆಜ್ಜೆಯಲ್ಲೂ), ಜಿಗಿದ ಫ್ರೇಮೂ ಸೇರಿ, ಮೊದಲು ಗುರುತ್ವವನ್ನು ವೇಗದಿಂದ ಕಳೆದು, ಆಮೇಲೆ ಪಾತ್ರವನ್ನು ಸರಿಸುತ್ತವೆ. ಸೆಕೆಂಡಿಗೆ 60 ಫ್ರೇಮಿನಲ್ಲಿ ಹೀಗೆ ಹೆಜ್ಜೆ ಹಾಕಿದರೆ ತುದಿ 96ಕ್ಕೆ ಬದಲು 92 ಪಿಕ್ಸೆಲ್‌ಗೆ ನಿಲ್ಲುತ್ತದೆ. ನಾಲ್ಕು ಪಿಕ್ಸೆಲ್ ಕೊರತೆ. ಗೋಡೆ ಹತ್ತಲೇಬೇಕೆಂದಿದ್ದರೆ ಗುರಿಯ ಎತ್ತರವನ್ನೇ 104ರ ಹತ್ತಿರ ಇಡಿ. ಮಾಡೆಲ್‌ಗೆ "ಜಿಗಿತ ಯಾಕೋ ಸರಿಯಿಲ್ಲ" ಅಂದರೆ ಅದು ಜಿಗಿತದ ವೇಗವನ್ನು ಒಂದಷ್ಟು ಏರಿಸಿ ಕೊಡುತ್ತದೆ. "ತುದಿ 92ಕ್ಕೆ ನಿಲ್ಲುತ್ತಿದೆ, 96 ಬೇಕು, ಫ್ರೇಮಿನ ಹೆಜ್ಜೆಯ ದೋಷ ಇರಬಹುದು" ಅಂದರೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ಪ್ರಾಂಪ್ಟ್ ಬರೆಯುವ ಜಾಣ್ಮೆಯದಲ್ಲ, ಅಳೆದು ನೋಡಿದ್ದರದ್ದು.

ಈಗ ಅಡ್ಡಳತೆ. ಓಟದ ವೇಗ ಸೆಕೆಂಡಿಗೆ 200 ಪಿಕ್ಸೆಲ್ ಅಂದುಕೊಂಡು, ಎತ್ತರ 96ರಲ್ಲೇ ಇರಲಿ. ಏರಲು 24 ಫ್ರೇಮ್, ಇಳಿಯಲು ಸುಮಾರು 18. ಒಟ್ಟು 42 ಫ್ರೇಮ್, ಅಂದರೆ 0.7 ಸೆಕೆಂಡ್, 140 ಪಿಕ್ಸೆಲ್ ದೂರ. ಪಾತ್ರದ ಡಿಕ್ಕಿಪೆಟ್ಟಿಗೆಯ (ನೆಲ, ಗೋಡೆ ತಾಗಿತೇ ಅಂತ ಕೋಡ್ ನೋಡುವ ಚೌಕದ) ಅಗಲ 16 ಪಿಕ್ಸೆಲ್ ಇದ್ದರೆ ನಾಲ್ಕು ಟೈಲಿನ ಕಂದಕ ದಾಟಲು ನಿಜವಾಗಿ ಬೇಕಾದದ್ದು 128 − 16, ಅಂದರೆ 112 ಪಿಕ್ಸೆಲ್. 28 ಪಿಕ್ಸೆಲ್ ಉಳಿಯಿತು. ಸಮಯದಲ್ಲಿ ಹೇಳಿದರೆ ಎಂಟು ಫ್ರೇಮ್. ಆರಾಮಾಗಿ ದಾಟಬಹುದು.

ಐದು ಟೈಲಿನ ಕಂದಕಕ್ಕೆ 144 ಬೇಕು. ನಮ್ಮ ಬಳಿ 140 ಇದೆ.

ಲೆಕ್ಕದ ಪ್ರಕಾರ ಅಸಾಧ್ಯ. ಆದರೆ ಪ್ಲಾಟ್‌ಫಾರ್ಮ್ ಆಟಗಳಲ್ಲಿ "ಕಯೋಟಿ ಟೈಮ್" ಅನ್ನುವ ರಿಯಾಯಿತಿಯೊಂದಿದೆ. ಪಾತ್ರ ಅಂಚು ದಾಟಿದ ಮೇಲೂ ಸ್ವಲ್ಪ ಹೊತ್ತು, ಸಾಮಾನ್ಯವಾಗಿ 0.1 ಸೆಕೆಂಡ್, ಜಿಗಿತದ ಬಟನ್ ಕೆಲಸ ಮಾಡುತ್ತದೆ. ಆಟಗಾರ ಅಂಚಿನಲ್ಲೇ ಒತ್ತಿದೆ ಅಂದುಕೊಂಡಿರುತ್ತಾನೆ, ಬೆರಳು ಎರಡು ಫ್ರೇಮ್ ತಡವಾಗಿರುತ್ತದೆ. ಆ ತಪ್ಪನ್ನು ಆಟ ಕ್ಷಮಿಸಿಬಿಡುತ್ತದೆ. ಅಷ್ಟರಲ್ಲಿ ಪಾತ್ರ ಗರಿಷ್ಠ 20 ಪಿಕ್ಸೆಲ್ ಮುಂದೆ ಹೋಗಿರುತ್ತದೆ. ಈ ನಡುವೆ ಸ್ವಲ್ಪ ಕೆಳಗೂ ಇಳಿದಿರುವುದರಿಂದ ಪೂರ್ತಿ 20 ಲಾಭವಾಗುವುದಿಲ್ಲ, ಆದರೂ ಐದು ಟೈಲ್ ದಾಟಲು ಸಾಕು. ಬೇಕಂತಲೇ ತಡಮಾಡಿ ಜಿಗಿದವರಿಗೆ ನಾಲ್ಕೈದು ಫ್ರೇಮಿನ ಸಂದು ಸಿಗುತ್ತದೆ. ಅಂಚಿಗೆ ಮುಂಚೆ ಜಿಗಿದವರು ಬೀಳುತ್ತಾರೆ.

ಕ್ಷಮಿಸಲೆಂದು ಇಟ್ಟ ರಿಯಾಯಿತಿ ಇಲ್ಲಿ ಕಲಿಯಬೇಕಾದ ವಿದ್ಯೆಯಾಯಿತು. ಈ ಕಂದಕ ಆಟದಲ್ಲಿ ಇರಬೇಕೆ? ಇದ್ದರೆ ಎಲ್ಲಿ? ಮೊದಲ ಲೆವೆಲ್ಲಿನಲ್ಲಿಟ್ಟರೆ ಅನ್ಯಾಯ. ಕೊನೆಯ ಲೆವೆಲ್ಲಿನಲ್ಲಿ, ಗುಪ್ತ ಕೋಣೆಯೊಂದರ ದಾರಿಯಲ್ಲಿಟ್ಟರೆ ಬಹುಮಾನ. ಸೂತ್ರ, ಮಾಡೆಲ್ ಎರಡೂ ಇದಕ್ಕೆ ಉತ್ತರ ಕೊಡಲಾರವು, ಯಾಕೆಂದರೆ ಇದು ಯಾರಿಗೆ ಎಷ್ಟು ಕಷ್ಟ ಕೊಡಬೇಕು ಅನ್ನುವ ಪ್ರಶ್ನೆ.

ಲೆವೆಲ್ ಬರೆಸುವಾಗ

ಭಾಷಾ ಮಾಡೆಲ್‌ಗಳಿಂದ ಲೆವೆಲ್ ನಕ್ಷೆ ಬರೆಸುವವರು ಮೊದಲು ಎಡವುವುದು ಎಣಿಕೆಯಲ್ಲಿ. 60 ಕಾಲಂ, 12 ಸಾಲಿನ ಅಕ್ಷರ ನಕ್ಷೆ ಕೇಳಿದರೆ ಒಂದು ಸಾಲಿನಲ್ಲಿ 58, ಇನ್ನೊಂದರಲ್ಲಿ 61 ಗುರುತುಗಳು ಬರುತ್ತವೆ. ಮಾಡೆಲ್ ಪಠ್ಯವನ್ನು ನೋಡುವುದು ಟೋಕನ್ ಎಂಬ ತುಂಡುಗಳಲ್ಲಿ. ಒಂದೇ ಗುರುತು ಸಾಲಾಗಿ ಬಂದಾಗ ಹಲವು ಸೇರಿ ಒಂದು ತುಂಡಾಗುತ್ತವೆ, ಎಣಿಕೆ ತಪ್ಪುತ್ತದೆ. ಹಾಗಾಗಿ ನಕ್ಷೆ ಕೇಳಬೇಡಿ, ಪಟ್ಟಿ ಕೇಳಿ: "ನೆಲ 6, ಕಂದಕ 3, ನೆಲ 4, ಗೋಡೆ 2, ಮುಳ್ಳು 2, ನೆಲ 5". ಇದರಿಂದ ನಕ್ಷೆ ಬಿಡಿಸುವ ಕೆಲಸವನ್ನು ನಿಮ್ಮ ಕೋಡ್ ಮಾಡಲಿ.

ಬಂದದ್ದನ್ನು ಜರಡಿ ಹಿಡಿಯುವ ಪ್ರೋಗ್ರಾಂ ಒಂದಿರಬೇಕು. ನಿಲ್ಲಬಹುದಾದ ಪ್ರತಿ ಕಟ್ಟೆಯೂ ಒಂದು ಬಿಂದು. ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಸಾಧ್ಯವಾದರೆ ನಡುವೆ ಒಂದು ಗೆರೆ. ಆರಂಭದಿಂದ ಕೊನೆಯವರೆಗೆ ಗೆರೆಗಳ ಮೇಲೇ ಹೋಗಲು ಬರುತ್ತದೆಯೇ ಅಂತ ಹುಡುಕಿಸಿ. ಬಾರದಿದ್ದರೆ ಆ ಲೆವೆಲ್ ಕಸದ ಬುಟ್ಟಿಗೆ. ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ: ಬಿದ್ದರೂ ಸಾಯದ, ಮೇಲೆ ಬರಲೂ ಆಗದ ಗುಂಡಿ ಎಲ್ಲಾದರೂ ಇದೆಯೇ? ಆಟಗಾರ ಮೆನುಗೆ ಹೋಗಿ ಲೆವೆಲ್ ಮತ್ತೆ ಶುರುಮಾಡಬೇಕಾದ ಜಾಗ ಸಾವಿಗಿಂತ ಕೆಟ್ಟದ್ದು. ಜರಡಿಗೆ ಕಯೋಟಿ ಟೈಮ್ ಸೇರಿಸದ 140 ಪಿಕ್ಸೆಲನ್ನೇ ಕೊಡಿ. ಐದು ಟೈಲಿನ ಕಂದಕ ಬೇಕೆಂದಾಗ ಅದನ್ನು ನಿಮ್ಮ ಕೈಯಾರೆ ಇಡುವಿರಂತೆ.

ಜರಡಿ ದಾಟಿದ ಲೆವೆಲ್‌ಗಳಲ್ಲೂ ಒಂದು ಕೊರತೆ ಎದ್ದು ಕಾಣುತ್ತದೆ. ಉದ್ದಕ್ಕೂ ಒಂದೇ ಸಮ ಕಷ್ಟ. ಉಸಿರು ಬಿಡುವ ಜಾಗವಿಲ್ಲ, ಮುಂದಿನದಕ್ಕೆ ತಯಾರಿ ಇಲ್ಲ. ಹೊಸ ಅಡಚಣೆಯನ್ನು ಮೊದಲು ಬಿದ್ದರೂ ಸಾಯದ ಜಾಗದಲ್ಲಿ ತೋರಿಸಬೇಕು, ಆಮೇಲೆ ಮುಳ್ಳಿನ ಮೇಲೆ, ಅದಾದ ಮೇಲೆ ಶತ್ರುವಿನ ಜೊತೆ. ಈ ಕ್ರಮವನ್ನು ನೀವು ಕಾಗದದ ಮೇಲೆ ಬರೆದುಕೊಂಡು, ಒಂದೊಂದು ತುಂಡನ್ನು ಮಾತ್ರ ಮಾಡೆಲ್‌ನಿಂದ ಬರೆಸಿದರೆ ಫಲ ಚೆನ್ನಾಗಿರುತ್ತದೆ. ಇಡೀ ಲೆವೆಲ್ಲನ್ನು ಒಟ್ಟಿಗೆ ಕೇಳುವುದು ಸೋಮಾರಿತನ, ಅದರ ಬಡ್ಡಿಯನ್ನು ಆಮೇಲೆ ತಿದ್ದುವಾಗ ಕಟ್ಟುತ್ತೀರಿ.

ಯಂತ್ರದಿಂದ ಲೋಕ ಸೃಷ್ಟಿಸುವುದು ಹೊಸದೇನಲ್ಲ. 1984ರ "ಎಲೀಟ್" ಆಟ ಬಿಬಿಸಿ ಮೈಕ್ರೋ ಕಂಪ್ಯೂಟರಿನ 32 ಕಿಲೋಬೈಟ್ ಮೆಮೊರಿಯಲ್ಲಿ ಎಂಟು ಗೆಲಾಕ್ಸಿ, ತಲಾ 256 ಗ್ರಹಗಳನ್ನು ಸೂತ್ರದಿಂದಲೇ ಹುಟ್ಟಿಸಿತ್ತು. ಅದೇ ಸೂತ್ರದಿಂದ 2ರ 48ನೇ ಘಾತದಷ್ಟು ಗೆಲಾಕ್ಸಿ ಕೊಡಬಹುದಿತ್ತು. ಅಷ್ಟು ಕೊಟ್ಟರೆ ಎಲ್ಲವೂ ಒಂದೇ ಅಚ್ಚಿನವು ಅಂತ ಬಯಲಾಗುತ್ತದೆಂದು ಪ್ರಕಾಶಕರು ಎಂಟಕ್ಕೆ ನಿಲ್ಲಿಸಿದರು. 2008ರ "ಸ್ಪೆಲಂಕಿ" ಇನ್ನೂ ಚೆಲುವಾದ ದಾರಿ ಹಿಡಿಯಿತು: ಪ್ರತಿ ಲೆವೆಲ್ಲೂ 4 × 4 ಕೋಣೆಗಳ ಚೌಕ, ಮೇಲಿನಿಂದ ಕೆಳಕ್ಕೆ ದಾಟಬಹುದಾದ ದಾರಿಯೊಂದನ್ನು ಪ್ರೋಗ್ರಾಂ ಮೊದಲು ಗೊತ್ತುಮಾಡುತ್ತದೆ, ಆಮೇಲೆ ಮನುಷ್ಯ ಕೈಯಿಂದ ಮಾಡಿಟ್ಟ ಕೋಣೆಯ ಅಚ್ಚುಗಳನ್ನು ತುಂಬಿ ಅಲ್ಲಲ್ಲಿ ಬದಲಿಸುತ್ತದೆ. ಜೋಡಣೆ ಯಂತ್ರದ್ದು, ರುಚಿ ಮನುಷ್ಯನದ್ದು. ಇವತ್ತಿನ ಮಾಡೆಲ್‌ಗಳನ್ನು ಬಳಸುವವರಿಗೂ ಇದಕ್ಕಿಂತ ಒಳ್ಳೆಯ ವಿನ್ಯಾಸ ನನಗಂತೂ ತೋಚುವುದಿಲ್ಲ.

ಶತ್ರುವಿಗೆ ಸ್ವಭಾವ

ಶತ್ರುವಿನ ನಡವಳಿಕೆ ಕೇಳಿದರೆ ಮಾಡೆಲ್ ಕೊಡುವುದು ಮೂರು ಸ್ಥಿತಿ: ಕಾವಲು ತಿರುಗು, ಕಂಡರೆ ಅಟ್ಟಿಸು, ಹತ್ತಿರ ಬಂದರೆ ಹೊಡೆ. ಓಡುವ ಕೋಡ್ ನಿಜ. ಆದರೆ ಹತ್ತು ಬಗೆಯ ಶತ್ರು ಕೇಳಿದರೂ ಹತ್ತಕ್ಕೂ ಇದೇ ಬರುತ್ತದೆ, ವೇಗ ಮತ್ತು ಜೀವದ ಸಂಖ್ಯೆ ಮಾತ್ರ ಬೇರೆ.

1980ರ "ಪ್ಯಾಕ್‌ಮ್ಯಾನ್" ತೆಗೆದುಕೊಳ್ಳಿ. ನಾಲ್ಕು ದೆವ್ವಗಳು, ನಾಲ್ಕಕ್ಕೂ ದಾರಿ ಹುಡುಕುವ ಕೋಡ್ ಒಂದೇ, ಗುರಿ ಮಾತ್ರ ಬೇರೆ. ಕೆಂಪು ಬ್ಲಿಂಕಿಯ ಗುರಿ ಪ್ಯಾಕ್‌ಮ್ಯಾನ್ ಇರುವ ಚೌಕ. ಗುಲಾಬಿ ಪಿಂಕಿಯದು ಅವನ ಮುಂದಿನ ನಾಲ್ಕನೇ ಚೌಕ, ಹಾಗಾಗಿ ಅದು ಅಡ್ಡಗಟ್ಟಿದಂತೆ ಕಾಣುತ್ತದೆ. ಇಂಕಿಯ ಗುರಿ ಹಿಡಿಯಲು ಅವನ ಮುಂದಿನ ಎರಡನೇ ಚೌಕಕ್ಕೆ ಬ್ಲಿಂಕಿಯಿಂದ ಗೆರೆ ಎಳೆದು ಅಷ್ಟೇ ದೂರ ಮುಂದುವರಿಸಬೇಕು. ಕ್ಲೈಡ್ ಎಂಟು ಚೌಕಕ್ಕಿಂತ ದೂರವಿದ್ದರೆ ಬೆನ್ನಟ್ಟುತ್ತದೆ, ಹತ್ತಿರವಾದರೆ ತನ್ನ ಮೂಲೆಗೆ ತಿರುಗುತ್ತದೆ. ಒಂದೊಂದು ಸಾಲಿನ ನಿಯಮ, ನಾಲ್ಕು ಸ್ವಭಾವ. ಪಿಂಕಿಯ ಲೆಕ್ಕದಲ್ಲಿ ಒಂದು ಬಗ್ ಕೂಡ ಇದೆ: ಪ್ಯಾಕ್‌ಮ್ಯಾನ್ ಮೇಲಕ್ಕೆ ಮುಖ ಮಾಡಿದಾಗ ಅದರ ಗುರಿ ನಾಲ್ಕು ಚೌಕ ಮೇಲಷ್ಟೇ ಅಲ್ಲದೆ ನಾಲ್ಕು ಚೌಕ ಎಡಕ್ಕೂ ಸರಿಯುತ್ತದೆ. ಪಳಗಿದ ಆಟಗಾರರು ಅದನ್ನೂ ಬಳಸಿಕೊಂಡರು.

ಮಾಡೆಲ್‌ಗೆ ಹೀಗೆ ಕೇಳಬೇಕು: "ದಾರಿ ಹುಡುಕುವ ಕೋಡ್ ಒಂದೇ ಇರಲಿ, ಗುರಿ ಆರಿಸುವ ಫಂಕ್ಷನ್ ಮಾತ್ರ ಶತ್ರುವಿಗೊಂದು, ಪ್ರತಿಯೊಂದೂ ಐದು ಸಾಲು ಮೀರಬಾರದು." ಇಪ್ಪತ್ತು ಗುರಿಗಳನ್ನು ಅದರಿಂದ ಬರೆಸಿ, ಒಂದೊಂದನ್ನೂ ಹತ್ತು ನಿಮಿಷ ಆಡಿ, ಮೂರನ್ನು ಇಟ್ಟುಕೊಳ್ಳಿ. ಆಡದೆ ಓದಿ ಆರಿಸಿದರೆ ಬುದ್ಧಿವಂತವಾಗಿ ಕಾಣುವ ಶತ್ರು ಸಿಗುತ್ತದೆ. ಆಡಿ ಆರಿಸಿದರೆ ಮಜಾ ಕೊಡುವ ಶತ್ರು ಸಿಗುತ್ತದೆ. ಎರಡೂ ಒಂದೇ ಆಗಿರುವುದು ಅಪರೂಪ.

1978ರ "ಸ್ಪೇಸ್ ಇನ್ವೇಡರ್ಸ್"ನಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಉಳಿದವು ವೇಗವಾಗುತ್ತವೆ. ಅದು ಯೋಜಿಸಿ ಇಟ್ಟದ್ದಲ್ಲ: ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಆ ಕಾಲದ ಪ್ರೊಸೆಸರ್ ಬೇಗ ಬೇಗ ಬಿಡಿಸುತ್ತಿತ್ತು. ವಿನ್ಯಾಸಕ ತೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೇ ಬಿಟ್ಟರು. ಇವತ್ತು ಕೋಡ್ ಸಹಾಯಕನಿಗೆ "ಶತ್ರು ಸತ್ತಂತೆ ವೇಗ ಬದಲಾಗುತ್ತಿದೆ" ಅಂತ ದೂರು ಕೊಟ್ಟರೆ ಅದು ಶ್ರದ್ಧೆಯಿಂದ ಆ ಬಗ್ ತೆಗೆದುಹಾಕಿಬಿಡುತ್ತದೆ.

ಕೋಡಿನಲ್ಲಿ ಕೈಕೊಡುವ ಜಾಗಗಳು

ಮೊದಲನೆಯದು ಆವೃತ್ತಿಗಳ ಕಲಬೆರಕೆ. ಗೋಡೋ 4 ಬಂದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕೂ ಮುಂಚಿನ ಗೋಡೋ 3ರ ಪಾಠ, ಪ್ರಶ್ನೋತ್ತರಗಳು ಜಾಲದಲ್ಲಿ ರಾಶಿ ಬಿದ್ದಿವೆ. ಹಾಗಾಗಿ ಮಾಡೆಲ್ ಕೆಲವೊಮ್ಮೆ ಹಳೆಯ "ಕೈನೆಮ್ಯಾಟಿಕ್ ಬಾಡಿ" ಹೆಸರನ್ನೂ ಹೊಸ "ಕ್ಯಾರೆಕ್ಟರ್ ಬಾಡಿ" ಹೆಸರನ್ನೂ ಒಂದೇ ಫೈಲಿನಲ್ಲಿ ಬರೆಯುತ್ತದೆ. ಕಾಯಲು ಹೇಳುವ ಹೊಸ ಪದ "ಅವೇಟ್" ಬರೆಯಬೇಕಾದಲ್ಲಿ ಹಳೆಯ "ಯೀಲ್ಡ್" ಬರೆಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಇವು ಓಡುವುದೇ ಇಲ್ಲವಾದ್ದರಿಂದ ಬೇಗ ಸಿಕ್ಕಿಬೀಳುತ್ತವೆ. ಓಡಿಯೂ ತಪ್ಪಾಗಿರುವುದೇ ನಿಜವಾದ ತಲೆನೋವು: ಪಾತ್ರವನ್ನು ಸರಿಸುವ ಗೋಡೋದ ಫಂಕ್ಷನ್ "ಮೂವ್ ಅಂಡ್ ಸ್ಲೈಡ್" ವೇಗವನ್ನು ತಾನೇ ಫ್ರೇಮಿನ ಅವಧಿಯಿಂದ (ಡೆಲ್ಟಾದಿಂದ) ಗುಣಿಸುತ್ತದೆ, ಅದರ ಮೇಲೆ ಮಾಡೆಲ್ ವೇಗವನ್ನು ಇನ್ನೊಮ್ಮೆ ಡೆಲ್ಟಾದಿಂದ ಗುಣಿಸಿದರೆ ಪಾತ್ರ ಆಮೆಯಾಗುತ್ತದೆ. ಆಮೆಯನ್ನು ಓಡಿಸಲು ನೀವು ವೇಗವನ್ನು 12000 ಮಾಡುತ್ತೀರಿ. ಅಲ್ಲಿಂದ ಮುಂದೆ ಎಲ್ಲ ಲೆಕ್ಕವೂ ಹಳ್ಳ ಹಿಡಿಯುತ್ತದೆ.

ಇನ್ನೊಂದು, ಕ್ಯಾಮೆರಾ. ಅದು ಪಾತ್ರವನ್ನು ನಯವಾಗಿ ಹಿಂಬಾಲಿಸಲು ಮಾಡೆಲ್‌ಗಳು ಬರೆಯುವ ಸಾಲು "ಪ್ರತಿ ಫ್ರೇಮಿಗೆ ಉಳಿದ ದೂರದ 0.1ರಷ್ಟು ಸರಿ" ಅನ್ನುತ್ತದೆ. ಸೆಕೆಂಡಿಗೆ 60 ಫ್ರೇಮಿನ ಪರದೆಯಲ್ಲಿ 0.1 ಸೆಕೆಂಡಿನೊಳಗೆ ಕ್ಯಾಮೆರಾ ದೂರದ 47% ಸಾಗುತ್ತದೆ. 144 ಫ್ರೇಮಿನ ಪರದೆಯಲ್ಲಿ 78%. ನಿಮ್ಮ ಕಂಪ್ಯೂಟರಿನಲ್ಲಿ ನಯ, ಬೇರೆಯವರದರಲ್ಲಿ ಜಗ್ಗಾಟ. 0.1ರ ಜಾಗದಲ್ಲಿ ಫ್ರೇಮಿನ ಅವಧಿಯನ್ನು ಒಳಗೊಂಡ ಘಾತೀಯ ಸೂತ್ರ ಹಾಕಿಸಿ. ಮತ್ತು ಎಲ್ಲ ಚಲನೆಯನ್ನೂ 30, 60, 144 ಮೂರೂ ದರದಲ್ಲಿ ಓಡಿಸಿ ನೋಡಿ.

ಆವೃತ್ತಿಯ ಸಂಖ್ಯೆಯನ್ನು ಪ್ರಾಂಪ್ಟಿನ ಮೊದಲ ಸಾಲಿನಲ್ಲೇ ಹೇಳಿ. ಒಂದು ಸಲಕ್ಕೆ ಒಂದೇ ವ್ಯವಸ್ಥೆ ಕೇಳಿ. ಆಟದ ಎಲ್ಲ ಸಂಖ್ಯೆಗಳೂ, ಅಂದರೆ ಎತ್ತರ, ಸಮಯ, ವೇಗ, ರಿಯಾಯಿತಿ, ಒಂದೇ ಫೈಲಿನಲ್ಲಿರಲಿ. ಆ ಫೈಲನ್ನು ಮಾಡೆಲ್ ಮುಟ್ಟದಿರಲಿ. ಕೋಡ್ ಅದರದ್ದಾದರೂ ಸಂಖ್ಯೆ ನಿಮ್ಮವು.

ಚಿತ್ರ ಮತ್ತು ಚಲನೆ

ಚಿತ್ರದ ಮಾಡೆಲ್ ಕೊಡುವ "ಪಿಕ್ಸೆಲ್ ಆರ್ಟ್" ಬಹುಪಾಲು ಪಿಕ್ಸೆಲ್ ಆರ್ಟಿನ ವೇಷ ಹಾಕಿದ ಚಿತ್ರ. 1024 × 1024ರಲ್ಲಿ ಒಂದೊಂದು ದೊಡ್ಡ ಚೌಕವೂ ಒಂದು ಕಡೆ 15, ಇನ್ನೊಂದು ಕಡೆ 17 ಪಿಕ್ಸೆಲ್ ಇರುತ್ತದೆ, ಹದಿನಾರು ಬಣ್ಣ ಕಂಡಲ್ಲಿ ನಿಜಕ್ಕೂ ಸಾವಿರಾರು ಇರುತ್ತವೆ, ಅಂಚುಗಳು ಅರೆಪಾರದರ್ಶಕ. ಇದನ್ನು 64 × 64ಕ್ಕೆ "ನಿಯರೆಸ್ಟ್" ವಿಧಾನದಲ್ಲಿ ಇಳಿಸಿ, ಬೇರೆ ವಿಧಾನಗಳು ಬಣ್ಣ ಕಲಸುತ್ತವೆ. ಇಡೀ ಆಟಕ್ಕೆಂದು ಮೊದಲೇ ನಿಗದಿ ಮಾಡಿದ 16 ಅಥವಾ 24 ಬಣ್ಣಗಳ ಪ್ಯಾಲೆಟ್ಟಿಗೆ ಹೊಂದಿಸಿ. ಅರೆಪಾರದರ್ಶಕ ಪಿಕ್ಸೆಲ್‌ಗಳನ್ನು ಪೂರ್ತಿ ಇಡಿ ಇಲ್ಲವೇ ಪೂರ್ತಿ ತೆಗೆಯಿರಿ. ಕಣ್ಣು ಮತ್ತು ಕೈಗಳನ್ನು ಕೈಯಿಂದಲೇ ಮತ್ತೆ ಬಿಡಿಸಿ. ಆ ಗಾತ್ರದಲ್ಲಿ ಕಣ್ಣು ಅಂದರೆ ಎರಡು ಪಿಕ್ಸೆಲ್, ಅವೆರಡು ಎಲ್ಲಿ ಕೂರುತ್ತವೆ ಅನ್ನುವುದರಲ್ಲೇ ಮುಖಭಾವ ಇರುವುದು.

ನಿಂತ ಚಿತ್ರ ಹೇಗೋ ದಕ್ಕುತ್ತದೆ, ಚಲನೆಯಲ್ಲಿ ಮಾಡೆಲ್ ಸೋಲುತ್ತದೆ. ಎಂಟು ಫ್ರೇಮಿನ ಓಟ ಕೇಳಿದರೆ ಎಂಟು ಚೆಂದದ ಭಂಗಿ ಬರುತ್ತವೆ, ಓಟ ಬರುವುದಿಲ್ಲ: ಬೆಲ್ಟಿನ ಬಕಲ್ ಮೂರನೇ ಫ್ರೇಮಿನಲ್ಲಿ ಮಾಯ, ಆರನೆಯದರಲ್ಲಿ ಎರಡೂ ಕಾಲು ಎಡದವು. ಅದಕ್ಕಿಂತ ಸೂಕ್ಷ್ಮವಾದ ದೋಷ ಕಾಲು ಜಾರುವುದು. ನಮ್ಮ ಪಾತ್ರದ ವೇಗ ಸೆಕೆಂಡಿಗೆ 200 ಪಿಕ್ಸೆಲ್. ಓಟದ ಚಿತ್ರಗಳು ಸೆಕೆಂಡಿಗೆ 20ರಂತೆ ಬದಲಾದರೆ, ನೆಲ ತುಳಿದ ಪಾದ ಪ್ರತಿ ಚಿತ್ರಕ್ಕೂ ದೇಹಕ್ಕಿಂತ ಸರಿಯಾಗಿ 10 ಪಿಕ್ಸೆಲ್ ಹಿಂದೆ ಸರಿಯಬೇಕು. 7 ಸರಿದರೆ ಪಾತ್ರ ಮಂಜುಗಡ್ಡೆಯ ಮೇಲೆ ಓಡುತ್ತದೆ. ಪಾದದ ಜಾಗಗಳನ್ನು ಚುಕ್ಕಿಗಳಿಂದ ನೀವೇ ಗುರುತು ಮಾಡಿ, ಕಡ್ಡಿಗೊಂಬೆಯ ಓಟವನ್ನು ಮೊದಲು ಮುಗಿಸಿ, ಆಮೇಲೆ ಅದರ ಮೇಲೆ ಬಟ್ಟೆ ಬಣ್ಣ ತುಂಬುವ ಕೆಲಸಕ್ಕೆ ಮಾಡೆಲ್ ಬಳಸಬಹುದು.

ಹೊಡೆತದ ಚಿತ್ರಗಳಲ್ಲಿ ಮಾಡೆಲ್‌ಗೆ ತಿಳಿಯದ ಇನ್ನೊಂದು ಲೆಕ್ಕವಿದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಹಾಗಾಗಿ ಶತ್ರು ಕತ್ತಿ ಎತ್ತುವ ಹೊತ್ತು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರಬೇಕು, ಆಗಷ್ಟೇ ತಪ್ಪಿಸಿಕೊಳ್ಳಲು ಅವಕಾಶ. ಆಟಗಾರನ ಪಾತ್ರ ಕತ್ತಿ ಎತ್ತುವುದು ಮಾತ್ರ ಎರಡು ಮೂರು ಫ್ರೇಮಿನಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಬಟನ್ ಸತ್ತಂತೆ ಅನ್ನಿಸುತ್ತದೆ. ನೋಡಲು ಇಬ್ಬರೂ ಒಂದೇ ಥರ ಕತ್ತಿ ಬೀಸಿದರೆ ಅಂದ, ಆಡಲು ಕೇಡು.

3ಡಿ ಬಗ್ಗೆ ಒಂದೇ ಮಾತು: ಪಠ್ಯದಿಂದ ಹುಟ್ಟಿಸಿದ ಮೆಶ್ (3ಡಿ ವಸ್ತುವಿನ ಮೈಯಾದ ಗೆರೆಗಳ ಬಲೆ) ಕಲ್ಲು, ಪೆಟ್ಟಿಗೆ, ಕಂಬಗಳಿಗೆ ಪರವಾಗಿಲ್ಲ. ಮೊಣಕೈ, ಭುಜ ಮಡಚಬೇಕಾದ ಪಾತ್ರಕ್ಕೆ ಆಗದು. ಕೀಲಿನ ಸುತ್ತ ಉಂಗುರದಂತೆ ಸಾಗಬೇಕಾದ ಅಂಚುಗೆರೆಗಳು ಅದರಲ್ಲಿ ಇರುವುದಿಲ್ಲ, ಮಡಚಿದಾಗ ಚರ್ಮ ಹಿಂಡಿದ ಬಟ್ಟೆಯಾಗುತ್ತದೆ. ಮತ್ತೆ ಕಟ್ಟುವ ಶ್ರಮ ಹೊಸದಾಗಿ ಮಾಡುವುದಕ್ಕಿಂತ ಕಡಿಮೆಯೇನಲ್ಲ.

ಸಂಗೀತದ ಕಥೆಯೂ ಅಳತೆಯದ್ದೇ. ನಿಮಿಷಕ್ಕೆ 120 ಬಡಿತ, ಒಂದು ಆವರ್ತಕ್ಕೆ ನಾಲ್ಕು ಬಡಿತ ಅಂದರೆ 16 ಆವರ್ತದ ಲೂಪ್ (ಮತ್ತೆ ಮತ್ತೆ ನುಡಿಯುವ ತುಣುಕು) ಸರಿಯಾಗಿ 32 ಸೆಕೆಂಡ್. 44,100 ಸ್ಯಾಂಪಲ್ ದರದಲ್ಲಿ 14,11,200 ಸ್ಯಾಂಪಲ್. ಹುಟ್ಟಿಸಿದ ಹಾಡು ಈ ಗೆರೆಗೆ ನಿಲ್ಲುವುದಿಲ್ಲ, ತಾಳವೂ ನಡುನಡುವೆ ತೇಲುತ್ತದೆ. ಕತ್ತರಿಸಿ ಕೂರಿಸಿದ ಮೇಲೂ ಎಂಪಿ3ಯಲ್ಲಿ ಉಳಿಸಿದರೆ ಆರಂಭದಲ್ಲಿ ಚೂರು ಮೌನ ಸೇರಿಕೊಂಡು ಲೂಪ್ ಬಿಕ್ಕುತ್ತದೆ. ಆಗ್ (Ogg) ಫಾರ್ಮ್ಯಾಟಿನಲ್ಲಿ ಉಳಿಸಿ.

ಮಾತಾಡುವ ಪಾತ್ರಗಳು

ಆಟ ನಡೆಯುತ್ತಿರುವಾಗಲೇ ಭಾಷಾ ಮಾಡೆಲ್‌ನಿಂದ ಪಾತ್ರಗಳನ್ನು ಮಾತಾಡಿಸುವುದು ಎಲ್ಲರಿಗೂ ಆಸೆ. ಕಮ್ಮಾರನೊಬ್ಬನ ಬಳಿ ಕೋಟೆಯ ಕೀಲಿ ಇದೆ ಅಂತಿಟ್ಟುಕೊಳ್ಳಿ. ಆಟಗಾರ "ನಿನ್ನೆ ನೀನೇ ನನಗೆ ಕೀಲಿ ಕೊಟ್ಟೆಯಲ್ಲಣ್ಣ" ಅಂತ ಟೈಪಿಸುತ್ತಾನೆ. ಮಾಡೆಲ್ ಸಾಧು ಸ್ವಭಾವದ್ದು: "ಓ ಹೌದಪ್ಪ, ಮರೆತೇ ಹೋಗಿತ್ತು!" ಅನ್ನುತ್ತದೆ. ಚೀಲದಲ್ಲಿ ಕೀಲಿ ಇಲ್ಲ. ಆಟ ಸುಳ್ಳು ಹೇಳಿದಂತಾಯಿತು.

ಪರಿಹಾರ, ಮಾಡೆಲ್ ಕೈಗೆ ಕೀಲಿ ಕೊಡದಿರುವುದು. ಆಟದ ಸ್ಥಿತಿಯೆಲ್ಲ ಕೋಡಿನಲ್ಲಿರಲಿ. ಮಾಡೆಲ್ ಆರಿಸಬಹುದಾದದ್ದು ಐದಾರು ಕ್ರಿಯೆಗಳಿಂದ ಒಂದನ್ನು ಮಾತ್ರ: ನಿರಾಕರಿಸು, ಸುಳಿವು ಕೊಡು, ವ್ಯಾಪಾರಕ್ಕೆ ಕರೆ, ಕೀಲಿ ಕೊಡು, ಮಾತು ಬದಲಿಸು. "ಕೀಲಿ ಕೊಡು" ಅಂತ ಅದು ಆರಿಸಿದರೂ ಷರತ್ತು ಪೂರ್ತಿಯಾಗಿದೆಯೇ ಅಂತ ನೋಡುವುದು ಕೋಡ್. ಮಾತಿಗೆ 90 ಅಕ್ಷರಗಳ ಮಿತಿ, ಉತ್ತರಕ್ಕೆ 2 ಸೆಕೆಂಡ್ ಗಡುವು. ಮೀರಿದರೆ ಕೈಯಿಂದ ಬರೆದಿಟ್ಟ ಹನ್ನೆರಡು ಸಾಲುಗಳಲ್ಲಿ ಒಂದು. ಆಟಗಾರನ ಯಂತ್ರದಲ್ಲೇ ಮಾಡೆಲ್ ಓಡಿಸುವುದಾದರೆ 7–8 ಶತಕೋಟಿ ಪ್ಯಾರಾಮೀಟರಿನದಕ್ಕೆ 4 ಬಿಟ್‌ಗೆ ಇಳಿಸಿದರೂ 4ರಿಂದ 5 ಗಿಗಾಬೈಟ್ ಬೇಕು, ಅದೇ ಗ್ರಾಫಿಕ್ಸ್ ಮೆಮೊರಿಗೆ ನಿಮ್ಮ ಚಿತ್ರಗಳೂ ಕಾದಿರುತ್ತವೆ.

ಪಾತ್ರದ ದನಿಗೆ ಬೇಕಾದದ್ದು ಉದ್ದದ ಹಿನ್ನೆಲೆ ಕಥೆಯಲ್ಲ. ಅವನೇ ಆಡಿದ ಮೂವತ್ತು ಸಾಲು, ಮತ್ತು ಅವನು ಯಾವತ್ತೂ ಆಡದ ಹತ್ತು. "ಈ ಕಮ್ಮಾರ ಕ್ಷಮೆ ಕೇಳುವುದಿಲ್ಲ, ಹೊಗಳುವುದಿಲ್ಲ, ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸುತ್ತಾನೆ." ನಿಷೇಧಗಳಿಂದಲೇ ಪಾತ್ರ ರೂಪ ಪಡೆಯುವುದು. ಬೇಡ ಅನ್ನುವ ಕೆಲಸ ಇಲ್ಲೂ ಬರಹಗಾರನದ್ದೇ.

ಇಡೀ ಆಟವನ್ನೇ ಮಾಡೆಲ್ ಚಿತ್ರಿಸುವ ದಾರಿಯೂ ತೆರೆದಿದೆ. 2024ರ ಆಗಸ್ಟ್‌ನಲ್ಲಿ ಗೂಗಲ್ ಸಂಶೋಧಕರ "ಗೇಮ್‌ಎನ್‌ಜೆನ್", "ಡೂಮ್" ಆಟವನ್ನು ಎಂಜಿನ್ ಇಲ್ಲದೆ ಸೆಕೆಂಡಿಗೆ 20ಕ್ಕೂ ಹೆಚ್ಚು ಫ್ರೇಮಿನಂತೆ ಬಿಡಿಸಿ ತೋರಿಸಿತು. 2025ರ ಆಗಸ್ಟ್‌ನ "ಜೀನಿ 3", 720ಪಿಯಲ್ಲಿ 24 ಫ್ರೇಮಿನ ಓಡಾಡಬಹುದಾದ ಲೋಕ ಕೊಟ್ಟಿತು, ಆದರೆ ಅದು ನಿಲ್ಲುವುದು ಕೆಲವು ನಿಮಿಷ. ನೋಡಲು ಬೆರಗೇ. ಆದರೆ ಐದು ಟೈಲಿನ ಕಂದಕ ಇವತ್ತೂ ನಾಳೆಯೂ 144 ಪಿಕ್ಸೆಲ್ ಬೇಡಬೇಕು. ಆ ಭರವಸೆಯ ಮೇಲೇ ಆಟಗಾರ ಕಲಿಯುವುದು. ಪ್ರತಿ ಫ್ರೇಮನ್ನೂ ಊಹಿಸುವ ಯಂತ್ರ ಆ ಭರವಸೆ ಕೊಡಲಾರದು.

ದಾಖಲೆ ಇಡುವ ಬೇಸರದ ಕೆಲಸ

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ಆಟ ಹಾಕುವವರು ಎಐ ಬಳಕೆಯನ್ನು ತಿಳಿಸಬೇಕು ಅನ್ನುವ ನಿಯಮವನ್ನು ಅದರ ಒಡೆಯ ಕಂಪನಿ ವಾಲ್ವ್ 2024ರ ಜನವರಿಯಲ್ಲಿ ತಂದಿತು. ಮೊದಲೇ ಹುಟ್ಟಿಸಿ ಆಟದಲ್ಲಿ ಸೇರಿಸಿದ್ದು ಒಂದು ಬಗೆ, ಆಟ ನಡೆಯುವಾಗ ಹುಟ್ಟುವುದು ಇನ್ನೊಂದು. ಎರಡನೆಯದಕ್ಕೆ ಕಾನೂನುಬಾಹಿರ ವಿಷಯ ಬಾರದಂತೆ ಏನು ತಡೆ ಇಟ್ಟಿದ್ದೀರಿ ಅಂತಲೂ ಹೇಳಬೇಕು. ಹಕ್ಕುಸ್ವಾಮ್ಯದಲ್ಲಿ ಅಮೆರಿಕದ ಕಾಪಿರೈಟ್ ಆಫೀಸು 2025ರ ಜನವರಿಯ ವರದಿಯಲ್ಲಿ ಬರೀ ಪ್ರಾಂಪ್ಟ್ ಕೊಟ್ಟದ್ದಕ್ಕೆ ಹಕ್ಕು ಸಿಗದು, ಮನುಷ್ಯ ತಿದ್ದಿದ, ಜೋಡಿಸಿದ ಭಾಗಕ್ಕೆ ಸಿಗಬಹುದು ಅಂದಿತು. ಬೇರೆ ದೇಶಗಳ ಕಾನೂನು ಬೇರೆ ಇರಬಹುದು. ದನಿಯ ವಿಷಯದಲ್ಲಿ ಕಲಾವಿದರ ಒಪ್ಪಿಗೆ ಬರಹದಲ್ಲಿರಲಿ. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾದ ಕಲಾವಿದರು 2024ರ ಜುಲೈನಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರಕ್ಕಿಳಿದದ್ದು ಮುಖ್ಯವಾಗಿ ಇದೇ ಪ್ರಶ್ನೆಗೆ.

ತಾತ್ಕಾಲಿಕವೆಂದು ಹಾಕಿದ್ದು ಕಾಯಂ ಆಗಿಬಿಡುವುದು ಎಲ್ಲಕ್ಕಿಂತ ಸಾಮಾನ್ಯ ಅಪಾಯ. 2025ರ "ದಿ ಆಲ್ಟರ್ಸ್" ಆಟದ ಹಿನ್ನೆಲೆಯ ಪರದೆಯೊಂದರಲ್ಲಿ ಚಾಟ್‌ಬಾಟಿನ ಉತ್ತರದ ಮೊದಲ ಸಾಲು, "ಇಗೋ, ತಿದ್ದಿದ ಆವೃತ್ತಿ" ಅನ್ನುವ ಧಾಟಿಯದು, ಹಾಗೇ ಉಳಿದು ಆಟಗಾರರ ಕಣ್ಣಿಗೆ ಬಿತ್ತು. ತಯಾರಕರು ಅದು ತಾತ್ಕಾಲಿಕವಾಗಿ ಹಾಕಿದ್ದೆಂದು ವಿವರಣೆ ಕೊಡಬೇಕಾಯಿತು. ಮಾಡೆಲ್‌ನಿಂದ ಬಂದ ಪ್ರತಿ ಫೈಲಿನ ಹೆಸರೂ "ತಾತ್ಕಾಲಿಕ" ಅಂತ ಶುರುವಾಗಲಿ. ಅಂಥ ಒಂದೇ ಒಂದು ಫೈಲ್ ಉಳಿದಿದ್ದರೂ ಬಿಡುಗಡೆಯ ಬಿಲ್ಡ್ ನಿಂತುಬಿಡುವ ಹಾಗೆ ಸ್ಕ್ರಿಪ್ಟ್ ಬರೆಯಿರಿ. ಮನುಷ್ಯ ತಿದ್ದಿ ಒಪ್ಪಿದ ಮೇಲಷ್ಟೇ ಹೆಸರು ಬದಲಾಗಲಿ, ಜೊತೆಗೆ ಯಾವ ಮಾಡೆಲ್, ಯಾವ ದಿನ, ಏನು ತಿದ್ದಿದ್ದು ಅನ್ನುವ ಒಂದು ಸಾಲು. ಮಳಿಗೆಯ ಅರ್ಜಿಗೂ ಹಕ್ಕಿನ ಅರ್ಜಿಗೂ ಅದೇ ದಾಖಲೆ ಸಾಕಾಗುತ್ತದೆ.

ಆಡಿಸಿ ನೋಡುವುದು

ಆಟ ಗೊತ್ತಿಲ್ಲದ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ಸೂಚನೆ ಕೊಡಬೇಡಿ, ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿರಿ. ಪರದೆಯನ್ನೂ ಕೈಗಳನ್ನೂ ರೆಕಾರ್ಡ್ ಮಾಡಿ. ಎಲ್ಲಿ ಸತ್ತರು ಅನ್ನುವುದನ್ನು ಕೋಡೇ ಬರೆದಿಡುತ್ತದೆ, ಆ ಅಂಕಿಗಳ ಸಾರಾಂಶವನ್ನು ಮಾಡೆಲ್ ಚೆನ್ನಾಗಿಯೇ ಮಾಡಿಕೊಡುತ್ತದೆ. ಬೆರಳು ಬಟನ್ ಮೇಲೆ ಎಷ್ಟು ಬಿಗಿಯಾಗಿದೆ, ಬಿದ್ದಾಗ ನಕ್ಕರೋ ನಿಟ್ಟುಸಿರು ಬಿಟ್ಟರೋ, ಅದು ಅಂಕಿಯಲ್ಲಿ ಇರುವುದಿಲ್ಲ.

ಐದು ಟೈಲಿನ ಕಂದಕದ ಮುಂದೆ ಐವರೂ ಬೀಳುತ್ತಾರೆ ಅಂದುಕೊಳ್ಳಿ. ಅಂಕಿ ನೋಡಿದ ಮಾಡೆಲ್ "ಕಂದಕವನ್ನು ನಾಲ್ಕು ಟೈಲಿಗೆ ಇಳಿಸಿ" ಅನ್ನುತ್ತದೆ. ರೆಕಾರ್ಡಿಂಗ್ ನೋಡಿದರೆ ಬೇರೆಯೇ ಕಾಣುತ್ತದೆ: ಎಲ್ಲರೂ ಅಂಚಿಗಿಂತ ಮೂರು ನಾಲ್ಕು ಫ್ರೇಮ್ ಮುಂಚೆಯೇ ಜಿಗಿಯುತ್ತಿದ್ದಾರೆ, ತಡವಾಗಿ ಜಿಗಿಯಬಹುದು ಅನ್ನುವುದೇ ಅವರಿಗೆ ಹೊಳೆದಿಲ್ಲ. ಕಂದಕವನ್ನು ಹಾಗೇ ಬಿಟ್ಟು, ಪಾತ್ರ ನೆಲ ಬಿಟ್ಟು 12 ಪಿಕ್ಸೆಲ್ ಹೋದಾಗ ಸಿಗುವ ಹಾಗೆ, ಕಾಲಿನ ಮಟ್ಟದಲ್ಲಿ ಒಂದು ನಾಣ್ಯ ತೇಲಿಬಿಡಿ. ನಾಣ್ಯ ಹಿಡಿಯಲು ಓಡಿದವರು ಅಂಚು ದಾಟುತ್ತಾರೆ, ನಾಣ್ಯ ಸಿಗುವ ಕ್ಷಣಕ್ಕೇ ಗುರಿಯಿಟ್ಟು ಬಟನ್ ಒತ್ತುತ್ತಾರೆ. ಆ ಹೊತ್ತಿಗೆ ಕಯೋಟಿ ಟೈಮ್ ಇನ್ನೂ ಎರಡು ಫ್ರೇಮ್ ಉಳಿದಿರುತ್ತದೆ. ಎರಡು ಸಾಲದು ಅಂತ ಕಂಡರೆ ನಾಣ್ಯವನ್ನು 8 ಪಿಕ್ಸೆಲ್‌ಗೆ ಸರಿಸಿ, ಬೇರೆ ಐವರನ್ನು ಕರೆಯಿರಿ.